ಎದುರುಮನೆ ಅತ್ತೆಯ ಫೆಲ್ಟು ಹಾಸು

ಅವರ ತುರುಬಿನಲ್ಲಿ ಹೂವು ಇರುತ್ತಿದ್ದುದು ಹಬ್ಬದ ದಿನ ಮಾತ್ರ. ಉಳಿದ ದಿನಗಳಲ್ಲಿ ಅಲ್ಲಿ ಇರುತ್ತಿದ್ದುದು ದಬ್ಬಣ. ಗೋಣಿಚೀಲ ಹೊಲಿಯುವಂಥ, ತುದಿ ತುಸು ಬಾಗಿದ ದಪ್ಪ ದಬ್ಬಣ. ಅದರ ಕಣ್ಣಿನಿಂದ ಇಳಿದ ನೀಲಿ ದಾರ ಬೆನ್ನ ಮೇಲೆ ತೂಗಾಡುತ್ತಿತ್ತು. ಮಾತಾಡುತ್ತಲೇ ತುರುಬಿಗೆ ಕೈಹಾಕಿ ಅದನ್ನು ಎಳೆದು, ಮಡಿಲಲ್ಲಿ ಇದ್ದದ್ದಕ್ಕೆ ನಾಲ್ಕು ಹೊಲಿಗೆ ಹಾಕಿ, ಮತ್ತೆ ತಲೆಗೇ ಸಿಕ್ಕಿಸುತ್ತಿದ್ದರು. ಹೊಸದಾಗಿ ನೋಡಿದವರು ಗಾಬರಿಯಾಗಿ "ಚುಚ್ಚೀತು ಕಣಮ್ಮಾ" ಅಂದರೆ, "ನನ್ನ ತಲೆ ಗಟ್ಟಿ ಇದೆ, ಮುರಿದ್ರೆ ದಬ್ಬಣಾನೇ ಮುರಿಯುತ್ತೆ" ಅನ್ನುತ್ತಿದ್ದರು.

ಕಾಗದನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಬಾಗಿಲಿಗೆ ನೇರ ಎದುರು ಅವರ ಬಾಗಿಲು. ನೆಂಟರೇನಲ್ಲ. ಅವರದು ತಮಿಳು ಮನೆಮಾತು, ಭದ್ರಾವತಿಗೆ ಬಂದು ಎರಡು ತಲೆಮಾರಾಗಿತ್ತು. ನಾನು ಮಾತು ಕಲಿಯುವಾಗಲೇ ಅತ್ತೆ ಅಂದೆನಂತೆ, ಹಾಗೇ ಉಳಿಯಿತು. ಅವರು ನನ್ನನ್ನು ಕರೆಯುತ್ತಿದ್ದುದು "ಕಣ್ಣು" ಎಂದು. ಅವರ ಯಜಮಾನರಿಗೆ, ನಾನು ಮಾಮ ಅನ್ನುತ್ತಿದ್ದವರಿಗೆ, ಮಿಲ್ಲಿನಲ್ಲಿ ಕಾಗದದ ಮಿಷಿನ್ ಮೇಲೆ ಕೆಲಸ, ನಮ್ಮಪ್ಪನಿಗೆ ಅದೇ ಮಿಲ್ಲಿನಲ್ಲಿ ಬಿದಿರು ಬೇಯಿಸಿ ಕಾಗದದ ಹಸಿ ಮುದ್ದೆ, ಅಂದರೆ ಪಲ್ಪು, ಮಾಡುವ ಕಡೆ. ಇಬ್ಬರದೂ ಶಿಫ್ಟು.

ಶಿಫ್ಟಿನ ಮನೆಯಲ್ಲಿ ಬೆಳೆಯದವರಿಗೆ ಆ ಬದುಕು ಹೇಳಿದರೂ ಅರ್ಥವಾಗುವುದು ಕಷ್ಟ. ಈ ವಾರ ಅಪ್ಪ ಹಗಲಲ್ಲಿ ಮಲಗುತ್ತಿದ್ದರೆ ಮುಂದಿನ ವಾರ ರಾತ್ರಿ. ಹಗಲಲ್ಲಿ ಮಲಗುವ ವಾರ ನಾವು ಮಕ್ಕಳು ತಟ್ಟೆಯನ್ನೂ ಸದ್ದಾಗದ ಹಾಗೆ ಇಡಬೇಕು. ರೇಡಿಯೋ ಇಲ್ಲ, ಕುಕ್ಕರ್ ಇಲ್ಲ. ಎಲ್ಲರ ನಿದ್ದೆಯನ್ನೂ ಆಳುತ್ತಿದ್ದುದು ಮಿಲ್ಲಿನ ಸೈರನ್ನು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಅದು ಕೂಗಿದಾಗ ಊರೇ ಒಮ್ಮೆ ಮಗ್ಗಲು ಬದಲಿಸುತ್ತಿತ್ತು. ನನಗೆ ಇಂದಿಗೂ ಒಂದೇ ಕಡೆ ಸುಮ್ಮನೆ ಕೂತಿರುವುದಕ್ಕೆ ಬರುವುದಿಲ್ಲ. ಇದನ್ನು ಬರೆಯುತ್ತಾ ಆಗಲೇ ಎರಡು ಸಲ ಎದ್ದು ಹೋಗಿ ಬಂದೆ.

ಆದರೆ ಅತ್ತೆಯ ಮುಂದೆ ನನ್ನದೇನೂ ಇಲ್ಲ. ಅಂಥ ಚಡಪಡಿಕೆಯ ಹೆಂಗಸನ್ನು ನಾನು ಮತ್ತೆ ನೋಡಿಲ್ಲ. ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಆದರೆ ಎಲ್ಲರಿಗಿಂತ ಹಿಂದೆ ನಿಂತು ನೋಡಿ, ಅರ್ಧಕ್ಕೇ ಮನೆಗೆ ಓಡುವರು. ಯಾರ ಮನೆಗೆ ಹೋದರೂ ಮೊದಲು ಹಿತ್ತಲಿಗೆ ಹೋಗಿ ಬಚ್ಚಲು ಎಲ್ಲಿದೆ ಎಂದು ನೋಡಿಕೊಂಡು ಬಂದ ಮೇಲೇ ಮಾತು. ದೊಡ್ಡ ಗಂಟಲು. ಆದರೆ ನಗು ಬಂದಾಗ ಮಾತ್ರ ತಟ್ಟನೆ ನೆಲಕ್ಕೆ ಕುಕ್ಕರಿಸಿ, ಮೊಣಕಾಲಿಗೆ ಮುಖ ಒತ್ತಿ, ಸದ್ದಿಲ್ಲದೆ ನಗುತ್ತಿದ್ದರು. ನಾವು ಮಕ್ಕಳು ಅವರ ಹಾಗೆ ಕುಕ್ಕರಿಸಿ ನಕ್ಕು ತೋರಿಸುವ ಆಟ ಆಡುತ್ತಿದ್ದೆವು. ಅವರದೋ ಯಾವಾಗಲೂ ಕಾಫಿಪುಡಿ ಬಣ್ಣದ, ಇಲ್ಲವೇ ಕಡುನೀಲಿ ಸೀರೆ. ಒಂದು ತೆಳುಬಣ್ಣದ ಸೀರೆ ಉಡಿ ಎಂದು ನಮ್ಮಮ್ಮ ಎಷ್ಟೋ ಸಲ ಹೇಳಿ ಸೋತಿದ್ದಳು.

ಈಗ ನನ್ನ ವಿಷಯ. ನಾನು ಏಳನೇ ಕ್ಲಾಸಿಗೆ ಬಂದರೂ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡುತ್ತಿದ್ದೆ.

ಹೇಳುವುದಕ್ಕೆ ಒಂದು ವಾಕ್ಯ, ಅಷ್ಟೇ. ಆದರೆ ಆ ಒಂದು ವಾಕ್ಯದ ಸುತ್ತ ನಮ್ಮ ಮನೆಯ ಇಡೀ ದಿನ ತಿರುಗುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ನನಗೆ ನೀರಿಲ್ಲ, ಮಜ್ಜಿಗೆಯಿಲ್ಲ. ಯಾರೋ ಹೇಳಿದರೆಂದು ತೋಳಿಗೆ ತಾಯಿತ ಬಂತು. ಇನ್ಯಾರೋ ಹೇಳಿದರೆಂದು ದಿನಾ ಒಂದು ಎಳ್ಳುಂಡೆ. ಅದೊಂದು ಚಿಕಿತ್ಸೆ ನನಗೆ ತುಂಬಾ ಹಿಡಿಸಿತ್ತು, ಗುಣ ಮಾತ್ರ ಕಾಣಲಿಲ್ಲ. ಊರಿನಿಂದ ಬಂದ ಅಜ್ಜಿಯೊಬ್ಬಳು ಬರೆ ಹಾಕಿದರೆ ನಿಲ್ಲುತ್ತದೆ ಅಂದಿದ್ದಳು. ಆ ಮಾತು ನನ್ನ ತಲೆಯಿಂದ ಇಳಿಯಲೇ ಇಲ್ಲ, ಅಮ್ಮ ಒಲೆಗೆ ಸೌಟು ಇಟ್ಟರೂ ಬೆಚ್ಚುತ್ತಿದ್ದೆ. ಹೊತ್ತು ಇಳಿಯುತ್ತಾ ಬಂದಂತೆ ಉಳಿದ ಮಕ್ಕಳು ಆಟ ಮುಗಿಯಿತಲ್ಲ ಎಂದು ಅಳುತ್ತಿದ್ದರೆ ನಾನು ರಾತ್ರಿಯಾಯಿತಲ್ಲ ಎಂದು ಹೆದರುತ್ತಿದ್ದೆ. ಮಲಗಿದರೂ ಹೊರಳಾಟ, ಹಲ್ಲು ಕಡಿಯುವುದು, ಕನವರಿಕೆ. ತಲೆಯಿಟ್ಟ ಕಡೆ ಬೆಳಿಗ್ಗೆ ಕಾಲು ಇರುತ್ತಿತ್ತು.

ಅಮ್ಮ ಕಂಡುಕೊಂಡ ಉಪಾಯವೆಂದರೆ ಸೈರನ್ನು. ರಾತ್ರಿ ಹತ್ತರ ಸೈರನ್ ಕೂಗಿದ ಕೂಡಲೇ ನನ್ನನ್ನು ರಟ್ಟೆ ಹಿಡಿದು ಎಬ್ಬಿಸಿ, ಕಣ್ಣು ಮುಚ್ಚಿರುವಂತೆಯೇ ಬಚ್ಚಲಿಗೆ ಎಳೆದುಕೊಂಡು ಹೋಗಿ "ಹೂಂ, ಮಾಡು" ಅನ್ನುತ್ತಿದ್ದಳು. ಬೆಳಗಿನ ಆರರ ಸೈರನ್ನಿಗೂ ಅದೇ. ಅಲಾರಂ ಇಡುವ ಕೆಲಸವಿಲ್ಲ, ಊರಿಗೆಲ್ಲ ಕೂಗುವ ಗಡಿಯಾರವೇ ಇದೆಯಲ್ಲ ಎಂದು ಅವಳ ಲೆಕ್ಕ. ಎರಡನೇ ಕ್ಲಾಸಿನಿಂದ ಇದು ನಡೆದಿತ್ತು. ಹಾಗಿದ್ದೂ ಹಾಸಿಗೆ ಒದ್ದೆಯಾಗುತ್ತಲೇ ಇತ್ತು, ಅದೂ ಅಮ್ಮ ನನ್ನ ರಟ್ಟೆಗೆ ಕೈಹಾಕುವ ಮೊದಲೇ.

ನಮ್ಮ ಊರಿಗೆ ಒಂದು ವಾಸನೆ ಇತ್ತು. ಬಿದಿರು ಬೇಯುವ, ಕೊಳೆತ ಎಲೆಕೋಸಿನಂಥ ವಾಸನೆ. ಬಸ್ಸಿನಲ್ಲಿ ಬಂದವರು ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದರು. ನಾನು ಮಾತ್ರ ಆ ವಾಸನೆಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಅದರ ಮುಂದೆ ನನ್ನ ಲಂಗದ ವಾಸನೆ ಯಾರಿಗೂ ತಿಳಿಯುತ್ತಿರಲಿಲ್ಲ.

ಅತ್ತೆಗೆ ಮಾತ್ರ ತಿಳಿದಿತ್ತು. ಅಮ್ಮ ಹಾಸಿಗೆಯನ್ನು ಹಿತ್ತಲಲ್ಲಿ, ಸೀರೆಯ ಮರೆಯಲ್ಲಿ ಒಣಗಿಸುತ್ತಿದ್ದಳು. ಆದರೂ ಒಂದು ಬೆಳಿಗ್ಗೆ ಅವರು ಕಂಕುಳಲ್ಲಿ ಒಂದು ಸುರುಳಿ ಹಿಡಿದು ನೇರ ಅಡುಗೆಮನೆಗೇ ಬಂದರು.

"ತಗೋ, ಇದನ್ನ ಹಾಸು ಮಗೂಗೆ. ಹಾಸಿಗೆ ಹೊತ್ತು ಹೊತ್ತು ನಿನ್ನ ಸೊಂಟ ಹೋಗುತ್ತೆ" ಅಂದರು.

ಅಮ್ಮನ ಮುಖ ಬಿಳಿಚಿತು. ಅತ್ತೆ ಅದನ್ನು ನೋಡಿಯೂ ನೋಡದವರಂತೆ ಸುರುಳಿ ಬಿಚ್ಚಿದರು. ಅದು ಫೆಲ್ಟು. ಮಿಲ್ಲಿನಲ್ಲಿ ಹಸಿ ಕಾಗದ ಈ ಉಣ್ಣೆಯ ಬಟ್ಟೆಯ ಮೇಲೆ ಮಲಗಿಕೊಂಡೇ ರೋಲರುಗಳ ನಡುವೆ ಹೋಗುತ್ತದೆ. ಕಾಗದದ ನೀರನ್ನೆಲ್ಲ ಹೀರುವುದು ಇದೇ. ಸವೆದ ಫೆಲ್ಟನ್ನು ಕತ್ತರಿಸಿ ಕೊಡುತ್ತಿದ್ದರು. ಕೆಲಸಗಾರರು ಮನೆಗೆ ತಂದು ಕಾಲೊರಸು, ಕಂಬಳಿ, ಸೈಕಲ್ ಸೀಟಿನ ಕವರು, ಏನು ಬೇಕಾದರೂ ಮಾಡಿಕೊಳ್ಳುತ್ತಿದ್ದರು. ಅತ್ತೆ ತಂದಿದ್ದಕ್ಕೆ ಸುತ್ತಲೂ ಅಂಚು ಮಡಿಸಿ ನೀಲಿ ದಾರದಲ್ಲಿ ಒತ್ತಾಗಿ ಹೊಲಿದಿತ್ತು. ಎಷ್ಟೋ ಸಲ ಒಗೆದು ಮೆತ್ತಗಾಗಿತ್ತು.

"ಕಾಗದದ ನೀರು ಕುಡಿದು ಕುಡಿದು ಬಂದಿರೋದು ಇದು. ಇವಳ ಒಂದು ಚೊಂಬು ನೀರು ಇದಕ್ಕೆ ಯಾವ ಮೂಲೆಗೆ?" ಎಂದು ಅತ್ತೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನನಗೆ ನಾಚಿಕೆಯಿಂದ ಸಾಯುವ ಹಾಗಾಗಿತ್ತು, ಆದರೂ ನಗು ಬಂತು. ನನ್ನ ವಿಷಯದಲ್ಲಿ ಯಾರಾದರೂ ತಮಾಷೆ ಮಾಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಬರೀ ನಿಟ್ಟುಸಿರು.

ಅವರದು ಬೀದಿಗೆಲ್ಲ ಕೇಳುವ ಗಂಟಲಾದ್ದರಿಂದ ಅಮ್ಮನಿಗೆ ದಿಗಿಲು ಹಿಡಿಯಿತು, ಇನ್ನು ಇದು ನಲ್ಲಿಕಟ್ಟೆಯ ಸುದ್ದಿಯಾಗುತ್ತದೆ ಎಂದು. ಆಗಲಿಲ್ಲ. ಬದಲಿಗೆ ದಿನಾ ಬೆಳಿಗ್ಗೆ ಎದುರು ಬಾಗಿಲಲ್ಲಿ ನಿಂತು, ಇಡೀ ಲೈನಿಗೆ ಕೇಳುವಂತೆ ಒಂದು ಪ್ರಶ್ನೆ ಬರತೊಡಗಿತು:

"ಏನೇ ಕಣ್ಣು, ಇವತ್ತು ಕಾಗದಾನಾ, ಪಲ್ಪಾ?"

ಒಣಗಿದ್ದರೆ ಕಾಗದ, ಒದ್ದೆಯಾಗಿದ್ದರೆ ಪಲ್ಪು. ಅಕ್ಕಪಕ್ಕದವರು ನಮ್ಮಪ್ಪನ ಡ್ಯೂಟಿಯ ಮಾತೆಂದುಕೊಂಡಿರಬೇಕು. "ಪಲ್ಪು ಅತ್ತೆ" ಎಂದು ನಾನು ಸಣ್ಣಗೆ ಅಂದರೆ, "ಆಗಲಿ, ಪಲ್ಪಿಲ್ಲದೆ ಯಾರು ಕಾಗದ ಮಾಡ್ತಾರೆ?" ಎಂದು ಒಳಗೆ ಹೋಗುತ್ತಿದ್ದರು.

ಆ ವರ್ಷ ಅಪ್ಪ ಒಂದು ತೀರ್ಮಾನ ಮಾಡಿದ್ದರು. ಶಿವಮೊಗ್ಗದ ವಿನೋಬನಗರದಲ್ಲಿ ದೊಡ್ಡಮ್ಮ, ಎಂದರೆ ಅಮ್ಮನ ಅಕ್ಕ, ಇದ್ದಳು. ಅವಳಿಗೆ ಮಕ್ಕಳಿಲ್ಲ. ಅವಳ ಮನೆಯಲ್ಲಿದ್ದುಕೊಂಡು ನಾನು ಶಿವಮೊಗ್ಗದ ಹೈಸ್ಕೂಲಿಗೆ ಹೋಗಬೇಕು. ನಾನು ಓದಿನಲ್ಲಿ ಮುಂದಿದ್ದೆ, ನನಗೂ ಹೋಗುವ ಆಸೆ ಜೋರಾಗಿಯೇ ಇತ್ತು. ಆದರೆ ದೊಡ್ಡಮ್ಮನ ಮನೆಯಲ್ಲಿ ನಾನು ಒಂದು ರಾತ್ರಿಯೂ ಮಲಗಿದವಳಲ್ಲ. ಯಾವ ನೆಂಟರ ಮನೆಗೆ ಹೋದರೂ ಅಮ್ಮ ಏನಾದರೊಂದು ನೆಪ ಹೇಳಿ ಕೊನೇ ಬಸ್ಸಿಗೆ ಎಳೆದುಕೊಂಡು ಬಂದುಬಿಡುತ್ತಿದ್ದಳು. ದೊಡ್ಡಮ್ಮನ ಮನೆಯೋ, ಮೊಸಾಯಿಕ್ ನೆಲದಲ್ಲಿ ಮುಖ ಕಾಣಬೇಕು. ನನ್ನನ್ನು ಬಚ್ಚಿಡುವ ಮಿಲ್ಲಿನ ವಾಸನೆ ಅಲ್ಲಿಲ್ಲ. ಹಾಸಿಗೆ ಒಣಗುವವರೆಗೆ ಹೈಸ್ಕೂಲಿಲ್ಲ ಎಂದು ಅಮ್ಮ ಅಪ್ಪನಿಗೆ ಹೇಳಿದ್ದು ಗೋಡೆಯಾಚೆ ನನಗೆ ಕೇಳಿಸಿತ್ತು. ಆಮೇಲೆ ನಿದ್ದೆ ಇನ್ನೂ ಕೆಟ್ಟಿತು.

ಬೇಸಿಗೆ ರಜೆಯ ಒಂದು ಮಧ್ಯಾಹ್ನ. ನಮ್ಮನೆಯಲ್ಲಿ ಅಪ್ಪ ರಾತ್ರಿಪಾಳಿ ಮುಗಿಸಿ ಮಲಗಿದ್ದರಿಂದ ನಾನು ಅತ್ತೆಯ ಮನೆಯ ಜಗಲಿಯಲ್ಲಿ ಫೆಲ್ಟಿನ ತುಂಡೊಂದರ ಮೇಲೆ ಉರುಳಿಕೊಂಡಿದ್ದೆ. ಅತ್ತೆ ಪಕ್ಕದಲ್ಲಿ ಹೊಲಿಯುತ್ತಿದ್ದರು. ಯಾವಾಗ ನಿದ್ದೆ ಹತ್ತಿತೋ ತಿಳಿಯದು. ಎರಡರ ಸೈರನ್ ಕೂಗಿ ನಿಂತಾಗ ಎಚ್ಚರವಾಯಿತು, ಕೆಳಗೆಲ್ಲ ಬೆಚ್ಚಗೆ ಒದ್ದೆ. ಅತ್ತೆ ದಬ್ಬಣವನ್ನು ಗಾಳಿಯಲ್ಲೇ ಹಿಡಿದು ನನ್ನನ್ನು ದಿಟ್ಟಿಸುತ್ತಿದ್ದರು. ಬೈಯಲಿಲ್ಲ. ಎದ್ದು ನನಗೆ ತಮ್ಮ ಸೀರೆ ಸುತ್ತಿ ಕೂರಿಸಿ, ಸೀದಾ ನಮ್ಮನೆಗೆ ಹೊರಟರು.

"ಸೈರನ್ ಶುರುವಾಯ್ತು, ಹುಡುಗಿ ಕಾಲು ಜಾಡಿಸ್ತು, ಆಯ್ತು. ನನ್ನ ಕಣ್ಣಾರೆ ನೋಡಿದೆ. ಇಷ್ಟು ವರ್ಷ ಸೈರನ್ನಿಗೆ ಎಬ್ಬಿಸಿ ಎಬ್ಬಿಸಿ ನೀನೇ ಕಲ್ಸಿದೀಯ ಮಾರಾಯ್ತಿ! ಅದರ ಕಿವಿಗೆ ಸೈರನ್ ಅಂದ್ರೆ ಬಚ್ಚಲು ಅಂತಲೇ ಅರ್ಥ."

ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. "ನಾನು ನಿದ್ದೆಗೆಟ್ಟು ಎಬ್ಬಿಸಿದ್ದು ತಪ್ಪಾ ಅಕ್ಕ? ಅದರ ಕಷ್ಟ ನನಗೆ ಗೊತ್ತು, ನಿಮಗೇನು ಗೊತ್ತು?"

ಅತ್ತೆ ಏನೋ ಹೇಳಲು ಬಾಯಿ ತೆರೆದವರು, ಹಾಗೇ ತಿರುಗಿ ತಮ್ಮ ಮನೆಗೆ ಹೋದರು. ಎರಡು ಮನೆಯ ನಡುವೆ ಕೆಲವು ದಿನ ಮಾತಿರಲಿಲ್ಲ, ಆ ಬೆಳಗಿನ ಪ್ರಶ್ನೆ ಒಂದನ್ನು ಬಿಟ್ಟು. ಅವರು ಹೇಳಿದ್ದು ಎಷ್ಟು ಸರಿಯೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಸ್ಕೂಲಿನಲ್ಲಿ ಎರಡರ ಸೈರನ್ ಕೇಳಿದಾಗಲೆಲ್ಲ ನಾನು ಕಾಲು ಬಿಗಿಹಿಡಿದು ಕೂರುತ್ತಿದ್ದೆನಲ್ಲ, ಅದು ಯಾರಿಗೂ ಹೇಳದ ನಿಜ.

ಮಾತು ಮತ್ತೆ ಶುರುವಾದ ದಿನ ಅತ್ತೆ ಒಂದು ಪ್ಲಾನು ಹಾಕಿಕೊಂಡೇ ಬಂದಿದ್ದರು. "ಸೈರನ್ ಕೇಳದ ಕಡೆ ಒಂದು ರಾತ್ರಿ ಮಲಗಿಸಿ ನೋಡೋಣ. ನಂಗೆ ಶಿವಮೊಗ್ಗದ ದೊಡ್ಡಾಸ್ಪತ್ರೇಲಿ ಕೆಲಸ ಇದೆ. ಇವಳು ನನ್ನ ಜೊತೆ ಬರಲಿ. ಹೊತ್ತಾಯ್ತು ಅಂತ ನಿಮ್ಮಕ್ಕನ ಮನೇಲೇ ಉಳಿದುಬಿಡ್ತೀವಿ. ಏನಾದ್ರೂ ಆದ್ರೆ ನಾನಿದೀನಿ." ಆಸ್ಪತ್ರೆ ಬರೀ ನೆಪ ಎಂದು ನಾನೂ ಅಮ್ಮನೂ ತಿಳಿದುಕೊಂಡೆವು. ಅಮ್ಮ ಹೆದರಿ ಹೆದರಿ ಒಪ್ಪಿದಳು.

ವಯರ್ ಬ್ಯಾಗಿನಲ್ಲಿ ಫೆಲ್ಟಿನ ಸುರುಳಿ, ಅದರ ಮೇಲೆ ಕಾಣದ ಹಾಗೆ ಬಾಳೆಹಣ್ಣು. ಬಸ್ಸಿನಲ್ಲಿ ಸೀಟಿದ್ದರೂ ಅತ್ತೆ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೇ ಬಂದರು. ಕೂತರೆ ಸೊಂಟ ಹಿಡಿಯುತ್ತದಂತೆ. ಮಲವಗೊಪ್ಪ ದಾಟುವಾಗ ಬಗ್ಗಿ ಹೊರಗೆ ನೋಡಿ, "ರಿಟೈರಾದ್ಮೇಲೆ ಇಲ್ಲೇ ಒಂದು ಮನೆ ಕಟ್ಟೋದು. ಸೈರನ್ನೂ ಇಲ್ಲ, ಸುಡುಗಾಡೂ ಇಲ್ಲ" ಅಂದರು.

ಅವರು ನಿಜಕ್ಕೂ ಆಸ್ಪತ್ರೆಗೆ ಹೋದರು. ನನ್ನನ್ನು ಹೊರಗೆ ಬೆಂಚಿನ ಮೇಲೆ ಬ್ಯಾಗಿನ ಜೊತೆ ಕೂರಿಸಿ, ಹೆಂಗಸರ ಕ್ಯೂನಲ್ಲಿ ನಿಂತು ಒಳಗೆ ಹೋದವರು ಎಷ್ಟೋ ಹೊತ್ತಿನ ಮೇಲೆ ಬಂದರು. ನೆಪವೊಂದಕ್ಕೆ ಇಷ್ಟೊಂದು ನಾಟಕವೇ ಎಂದು ನನಗೆ ಆಶ್ಚರ್ಯ. "ಏನಂದ್ರು ಅತ್ತೆ?" ಎಂದು ಕೇಳಿದೆ. "ಆಪರೇಷನ್ ಅಂತಾರೆ. ಇವರಿಗೆ ಕತ್ರಿ ಹಾಕೋದು ಬಿಟ್ರೆ ಇನ್ನೇನು ಗೊತ್ತು? ನಡಿ" ಎಂದು ದುಡುದುಡು ನಡೆದರು. ದಾರಿಯುದ್ದಕ್ಕೂ ಮಾತಿಲ್ಲ. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

ದೊಡ್ಡಮ್ಮನ ಮನೆ ಹೊಕ್ಕವರೇ, "ಬಚ್ಚಲೆಲ್ಲಿ ಬರುತ್ತಮ್ಮಾ?" ದೊಡ್ಡಮ್ಮ ಹುಬ್ಬೇರಿಸಿದಳು. ತುರುಬಿನ ದಬ್ಬಣ ನೋಡಿ ಇನ್ನೊಂದು ಸಲ ಏರಿಸಿದಳು. ಊಟದ ಹೊತ್ತಿಗೆ ಮಾತ್ರ ಅತ್ತೆ ತಮ್ಮ ಮಾತಿನಲ್ಲಿ ಅವಳನ್ನೂ ದೊಡ್ಡಪ್ಪನನ್ನೂ ನಗಿಸಿಬಿಟ್ಟಿದ್ದರು. ನನಗೆಂದು ಹೊಸ ಫೋಮ್ ಹಾಸಿಗೆ ಹಾಸಿದ್ದಳು ದೊಡ್ಡಮ್ಮ. "ಬೇಡಮ್ಮಾ, ನಾವು ಫ್ಯಾಕ್ಟರಿ ಜನ. ಮೆತ್ತಗಿದ್ರೆ ನಿದ್ದೆ ಬರಲ್ಲ" ಎಂದು ಅತ್ತೆ ನೆಲದ ಮೇಲೆ ಚಾಪೆ ಹಾಕಿ, ಅದರ ಮೇಲೆ ಫೆಲ್ಟು ಬಿಡಿಸಿ, ನನ್ನನ್ನು ಗೋಡೆಯ ಕಡೆ ಮಲಗಿಸಿ ತಾವು ಈ ಕಡೆ ಮಲಗಿದರು. ನಾನು ನಿದ್ದೆಯನ್ನೇ ಮಾಡಬಾರದೆಂದು ನಿರ್ಧರಿಸಿದ್ದೆ. ಅತ್ತೆ ನನ್ನ ಕಿವಿ ಹಿಡಿದು ಎಳೆದು, "ಮಲಗೇ. ಎಚ್ಚರವಾಗಿದ್ದು ಗೆಲ್ಲೋ ಆಟ ಅಲ್ಲ ಇದು" ಅಂದರು.

ಬೆಳಿಗ್ಗೆ ಎಚ್ಚರವಾದಾಗ ನಾನು ಯಾವತ್ತಿನ ಹಾಗೆ ಅಡ್ಡಡ್ಡ ಹೊರಳಿದ್ದೆ, ಅತ್ತೆ ಮಲಗಿದ್ದ ಜಾಗದವರೆಗೂ. ಫೆಲ್ಟು ಒದ್ದೆ. ನನ್ನ ಲಂಗದ ಒಂದು ಮಗ್ಗುಲು ಒದ್ದೆ. ಅತ್ತೆ ಆಗಲೇ ಎದ್ದು ಮೂಲೆಯಲ್ಲಿ ಮೊಣಕಾಲು ಕಟ್ಟಿಕೊಂಡು ಕೂತಿದ್ದರು. ಹೈಸ್ಕೂಲು, ಆ ಹೊಸ ಫೋಮ್ ಹಾಸಿಗೆ, ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ದೊಡ್ಡಮ್ಮ ಎರಡು ಲೋಟ ಹಿಡಿದುಕೊಂಡು ಒಳಗೆ ಬಂದಳು. ಅವಳ ಕಣ್ಣು ಮೊದಲು ಹೋದದ್ದೇ ಫೆಲ್ಟಿನ ಮೇಲೆ. ಆಮೇಲೆ ನನ್ನ ಮೇಲೆ.

"ಅದು ನಂದು" ಅಂದರು ಅತ್ತೆ.

ಬಸ್ಸಿನಲ್ಲಿ ಯಾರದೀ ಚೀಲ ಎಂದು ಕಂಡಕ್ಟರ್ ಕೇಳಿದರೆ ಹೇಳುತ್ತೇವಲ್ಲ, ಅಷ್ಟೇ ಮಾಮೂಲಿ ದನಿ. ಗಂಟಲು ಮಾತ್ರ ಯಾವತ್ತಿನದೇ. ನಡುಮನೆಯಲ್ಲಿ ಪೇಪರ್ ಓದುತ್ತಿದ್ದ ದೊಡ್ಡಪ್ಪನಿಗೂ ಕೇಳಿಸಿರಬೇಕು, ಹಾಳೆ ಮಗುಚುವ ಸದ್ದು ನಿಂತಿತು.

"ನಂದೇ ಕಣಮ್ಮಾ. ಹುಡುಗಿ ಒಣಗೇ ಇದ್ಲು, ಹೊರಳ್ಕೊಂಡು ನನ್ನ ಮೇಲೆ ಬಂದ್ಲು. ನಾನೇ ಒಗೆದು ಹಾಕ್ತೀನಿ."

"ಪರವಾಗಿಲ್ಲ ಬಿಡಿ, ವಯಸ್ಸಾದ್ಮೇಲೆ..." ಎಂದು ದೊಡ್ಡಮ್ಮ ಮಾತು ನುಂಗಿದಳು. ಅತ್ತೆಗೆ ಆಗ ಇನ್ನೂ ಐವತ್ತಾಗಿರಲಿಲ್ಲ. ಕಾಫಿ ಕುಡಿದಾದ ಮೇಲೆ ದೊಡ್ಡಮ್ಮ ನನ್ನ ಲೋಟವನ್ನು ಒಳಗೆ ತೆಗೆದುಕೊಂಡು ಹೋಗಿ, ಅತ್ತೆಯದನ್ನು ಹಿತ್ತಲ ನಲ್ಲಿಯ ಹತ್ತಿರ ಬೇರೆಯಾಗಿ ಇಟ್ಟಳು. ಅತ್ತೆ ಅದನ್ನು ನೋಡಿದರು. ಹೋಗಿ ತಾವೇ ತೊಳೆದು, ಒಳಗೆ ತರದೆ ಅಲ್ಲೇ ಕಲ್ಲಿನ ಮೇಲೆ ಬೋರಲು ಹಾಕಿ ಬಂದರು. ನನ್ನಿಂದಾಗಿ ಈ ಅವಮಾನ ಎಂದು ತಿಳಿದಿದ್ದೂ ನನಗೆ ಬಾಯಿ ಬಿಡಲು ಧೈರ್ಯ ಬರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅತ್ತುಬಿಟ್ಟೆ. "ನೀವ್ಯಾಕತ್ತೆ ಸುಳ್ಳು ಹೇಳಿದ್ರಿ?"

"ಯಾವ ಸುಳ್ಳೇ? ನಂದು ಅಂದ್ರೆ ನಂದು. ಇವತ್ತು ನೀನು ಕಾಗದ. ಬಾಯಿ ಮುಚ್ಕೊಂಡು ಬಾಳೆಹಣ್ಣು ತಿನ್ನು."

ಅಮ್ಮನ ಮುಂದೆಯೂ ಅದನ್ನೇ ಹೇಳಿದರು. ಅಮ್ಮ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ, ಅವರ ಎರಡೂ ಕೈ ಹಿಡಿದುಕೊಂಡು ಅಳತೊಡಗಿದಳು. "ಹೆತ್ತವಳಾದ ನನಗೂ ಇಂಥ ಮಾತು ಬಾಯಲ್ಲಿ ಬರ್ತಿರಲಿಲ್ಲ ಅಕ್ಕ. ನನ್ನ ಮಗಳ ಮಾನ ಉಳಿಸೋಕೆ ನಿಮ್ಮ ಮಾನ ಒತ್ತೆಯಿಟ್ರಲ್ಲ."

"ಒತ್ತೆ ಗಿತ್ತೆ ಏನೂ ಇಲ್ಲ ಮಾರಾಯ್ತಿ, ನಾನು ನಿಜಾನೇ..." ಅತ್ತೆ ಅರ್ಧಕ್ಕೇ ನಿಲ್ಲಿಸಿದರು. ಅಮ್ಮನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕೈ ಬಿಡಿಸಿಕೊಂಡು, "ಆಯ್ತು ಬಿಡು. ಏನಾದ್ರೂ ಅಂದ್ಕೋ. ಹುಡುಗೀನ ಕಳಿಸ್ತೀಯೋ ಇಲ್ವೋ, ಅದು ಹೇಳು" ಅಂದರು.

ಅಮ್ಮ ತಿಂಗಳುಗಟ್ಟಲೆ ಹಿಂದೆ ಮುಂದೆ ನೋಡುತ್ತಿದ್ದಳೇನೋ. ಆದರೆ ಅತ್ತೆ ಬಿಡಬೇಕಲ್ಲ. ನಲ್ಲಿಯ ಹತ್ತಿರ, ರೇಷನ್ ಕ್ಯೂನಲ್ಲಿ, ಎಲ್ಲಿ ಸಿಕ್ಕರೂ "ಕಳಿಸ್ತೀಯಾ?" ಎಂದು ಅದೇ ರಾಗ. ಕೊನೆಗೆ ಅಪ್ಪನೇ "ಆಕೆ ಕಾಟಕ್ಕಾದ್ರೂ ಕಳಿಸು" ಅಂದರು. ಜೂನ್‌ನಲ್ಲಿ ನಾನು ಹೊರಟಾಗ ಟ್ರಂಕಿನ ತಳದಲ್ಲಿ ಫೆಲ್ಟಿತ್ತು.

ಅದನ್ನು ಹಾಸಿಕೊಂಡು ಮಲಗಿದೆ. ಮೊದಲ ಬೆಳಿಗ್ಗೆ ಕೈಯಿಂದ ತಡವಿ ನೋಡಿದೆ, ನಂಬಿಕೆಯಾಗದೆ ದೀಪ ಹಾಕಿ ನೋಡಿದೆ. ಒಣಗಿತ್ತು. ಮರುದಿನವೂ, ಅದರ ಮರುದಿನವೂ. ಸೈರನ್ ಇಲ್ಲದ್ದಕ್ಕೋ, ಅಲ್ಲಿ ಯಾರೂ ನನ್ನ ರಟ್ಟೆ ಹಿಡಿದು ಎಬ್ಬಿಸದ್ದಕ್ಕೋ, ವಯಸ್ಸಿಗೋ, ಯಾವುದಕ್ಕೆಂದು ಹೇಗೆ ಹೇಳಲಿ? ರಜೆಗೆ ಕಾಗದನಗರಕ್ಕೆ ಬಂದ ಮೊದಲ ರಾತ್ರಿ ಮತ್ತೆ ಒದ್ದೆಯಾಗಿ ಜೀವ ಹೋದಂತಾಗಿತ್ತು. ಅಮ್ಮ ಆಮೇಲೆ ನನ್ನನ್ನು ಎಬ್ಬಿಸುವುದನ್ನು ಬಿಟ್ಟಳು. ನಿಧಾನವಾಗಿ ಅಲ್ಲೂ ನಿಂತಿತು. ಎದುರು ಬಾಗಿಲಿಂದ "ಕಾಗದಾನಾ, ಪಲ್ಪಾ?" ಎಂದರೆ "ಕಾಗದ!" ಎಂದು ನಾನೂ ಅವರಷ್ಟೇ ಜೋರಾಗಿ ಕೂಗತೊಡಗಿದೆ. ಅತ್ತೆ ಹೇಳಿದ ಆ ಒಂದು ಸುಳ್ಳಿನಿಂದ ನನ್ನ ಬದುಕು ದಾರಿಗೆ ಬಂತು ಎಂದು ನಾನು ನಂಬಿದ್ದೆ. ಎಷ್ಟೋ ವರ್ಷ ಹಾಗೇ ನಂಬಿಕೊಂಡು ಬಂದೆ.

ಓದು ಮುಗಿಯಿತು, ಮದುವೆಯಾಯಿತು, ವಿನೋಬನಗರದಲ್ಲೇ ಮನೆ ಮಾಡಿದೆವು. ಅತ್ತೆಯ ಯಜಮಾನರು ರಿಟೈರಾಗಿ, ಹೇಳಿದ ಹಾಗೇ ಮಲವಗೊಪ್ಪದಲ್ಲಿ ಸಣ್ಣದೊಂದು ಮನೆ ಕಟ್ಟಿಸಿ, ಅಲ್ಲಿ ನಾಲ್ಕು ದಿನ ಇದ್ದು ತೀರಿಕೊಂಡರು. ಅತ್ತೆ ಮಗ ಸೊಸೆಯ ಜೊತೆ ಇದ್ದರು. ನಾನು ಆಗಾಗ ಹೋಗುತ್ತಿದ್ದೆ. ಒಂದು ಸಲ ಐದು ವರ್ಷದ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಅತ್ತೆಯ ಮಂಚದ ಮೇಲೇ ಮಧ್ಯಾಹ್ನ ನಿದ್ದೆ ಹೋದಳು. ಎದ್ದಾಗ ಒದ್ದೆ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಾನು ಅನುಭವಿಸಿದ್ದೆಲ್ಲ ಇವಳಿಗೂ ಬಂತೇ ಎಂಬ ಭಯವೇ ಹಾಗೆ ಸಿಟ್ಟಾಗಿತ್ತೇನೋ. ಕೈ ಎತ್ತಿದ್ದೆ. ಅತ್ತೆ ನನ್ನ ಕೈ ಹಿಡಿದು, ಮಗುವನ್ನು ತಮ್ಮ ಬೆನ್ನ ಹಿಂದೆ ಸರಿಸಿಕೊಂಡು, "ಏಯ್, ಸುಮ್ನಿರೇ! ಐದು ವರ್ಷದ ಮಗು ಪಲ್ಪಲ್ದೆ ಇನ್ನೇನು ಆಗಿರುತ್ತೆ?" ಎಂದು ಗದರಿದರು. ಅದೇ ಗಂಟಲು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ನನಗಾದ್ರೆ ಸುಳ್ಳು ಹೇಳೋಕೆ ನೀವಿದ್ರಿ. ಇವಳಿಗೆ ಯಾರಿದಾರೆ ಅತ್ತೆ?" ಅಂದೆ.

"ಯಾವ ಸುಳ್ಳು?"

"ಅದೇ, ದೊಡ್ಡಮ್ಮನ ಮನೇಲಿ. ಅದು ನಂದು ಅಂದಿದ್ದು."

ಅತ್ತೆ ನನ್ನ ಮುಖವನ್ನು ನೋಡಿದರು. ಆಮೇಲೆ ತಟ್ಟನೆ ಮಂಚದ ಅಂಚಿಗೆ ಕೂತು, ಮೊಣಕಾಲಿಗೆ ಮುಖ ಒತ್ತಿ, ಸದ್ದಿಲ್ಲದೆ ನಗತೊಡಗಿದರು. ಭುಜ ಕುಲುಕುತ್ತಿತ್ತು. ಕೊನೆಗೆ ಮುಖ ಎತ್ತಿ ಕಣ್ಣೊರೆಸಿಕೊಂಡರು.

"ಅಯ್ಯೋ ಪೆದ್ದೀ. ಇಷ್ಟು ಓದಿದೀಯ, ಇನ್ನೂ ಸುಳ್ಳು ಅಂದ್ಕೊಂಡಿದೀಯಾ? ಅದು ನಂದೇ ಕಣೇ. ಕೊನೇ ಹೆರಿಗೆ ಆದಾಗಿಂದ ನಂಗೆ ಹಿಡಿತ ಇಲ್ಲ. ಕೆಮ್ಮಿದ್ರೂ ಅಷ್ಟೇ, ನಕ್ಕಿದ್ರೂ ಅಷ್ಟೇ, ನಿದ್ದೇಲೂ ಅಷ್ಟೇ. ಆ ಫೆಲ್ಟು ನಿನಗೆ ಅಂತ ಹೊಲಿದಿದ್ದಾ? ನನ್ನ ಹಾಸಿಗೆಯಿಂದ ತೆಗೆದು ಕೊಟ್ಟಿದ್ದು."

ಕಾಫಿಪುಡಿ ಬಣ್ಣದ ಸೀರೆ, ಬಸ್ಸಿನಲ್ಲಿ ಹಿಡಿದ ಕಂಬಿ, ಆಸ್ಪತ್ರೆಯ ಕ್ಯೂ, ಎಲ್ಲ ಒಂದೊಂದಾಗಿ ಬಂದವು. ಕುಕ್ಕರಿಸಿ ನಗುವ ಆಟ ಆಡುತ್ತಿದ್ದೆವಲ್ಲ, ಅದೂ ಬಂತು.

"ಮಾಮಂಗೆ ಗೊತ್ತಿತ್ತಾ?"

"ಒಂದು ದಿನ ಕೇಳ್ಲಿಲ್ಲ ಪುಣ್ಯಾತ್ಮ. ಫೆಲ್ಟು ಮಾತ್ರ ತಪ್ಪದೆ ತಂದು ಕೊಡ್ತಿದ್ರು."

"ಅಮ್ಮನಿಗೆ ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳ್ದೆನಲ್ಲೇ! ನಿನ್ನ ದೊಡ್ಡಮ್ಮನ ಮುಂದೆ, ನಿನ್ನಮ್ಮನ ಮುಂದೆ, ನಿನ್ನ ಮುಂದೆ, ಗಂಟಲು ಹರಿಯೋ ಹಾಗೆ ಹೇಳ್ದೆ. ಇಪ್ಪತ್ತು ವರ್ಷ ಬಚ್ಚಿಟ್ಟಿದ್ದನ್ನ ಒಂದು ದಿನ ಬಾಯಿಬಿಟ್ಟು ಹೇಳಿದ್ರೆ ನೀವೆಲ್ಲ ಸೇರಿ ನನ್ನನ್ನ ದೇವರು ಮಾಡಿಬಿಟ್ರಿ. ನಂಗೂ ಅನ್ನಿಸ್ತು, ಹಾಗೇ ಇರಲಿ ಬಿಡು ಅಂತ." ಆಮೇಲೆ ಸೇರಿಸಿದರು: "ನಿನ್ನ ದೊಡ್ಡಮ್ಮ ಒಬ್ಳು ಮಾತ್ರ ನಂಬಿದ್ಲು."

ಬೋರಲು ಹಾಕಿದ ಲೋಟ ಅವರಿಗೂ ನೆನಪಿತ್ತು. ಅವರು ನನಗಾಗಿ ಸುಳ್ಳು ಹೇಳಿದ್ದಿದ್ದರೆ ಅಷ್ಟು ದೊಡ್ಡದಾಗುತ್ತಿರಲಿಲ್ಲ, ಸುಳ್ಳನ್ನು ಹೇಳಿ ಮರೆತುಬಿಡಬಹುದು. ನನ್ನನ್ನು ಒಣಗಿದವಳೆಂದು ತೋರಿಸುವುದಕ್ಕಾಗಿ ಅವರು ಕೊಟ್ಟದ್ದು ತಮ್ಮ ಜೀವಮಾನದ ಗುಟ್ಟನ್ನು. ಅವರ ಜಾಗದಲ್ಲಿ ಬೇರೆ ಯಾರಿದ್ದರೂ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ತಪ್ಪೆಲ್ಲ ತಾನಾಗಿಯೇ ನನ್ನ ಲಂಗಕ್ಕೆ ಅಂಟಿಕೊಳ್ಳುತ್ತಿತ್ತು.

"ಹಾಗಾದ್ರೆ ಇವತ್ತು ನೀವು ಕಾಗದಾನಾ, ಪಲ್ಪಾ ಅತ್ತೆ?" ಎಂದು ಹೇಗೋ ಕೇಳಿದೆ.

"ನೀನು ನಗಿಸಿದ್ಯಲ್ಲ ಮಾರಾಯ್ತಿ, ಪಲ್ಪೇ" ಎಂದು ಬಚ್ಚಲಿಗೆ ಎದ್ದರು.

ಅದಾದ ಮುಂದಿನ ವರ್ಷ ಅತ್ತೆ ಹೋದರು. ಜ್ವರ ಬಂದು ಮಲಗಿದವರು ಏಳಲಿಲ್ಲ. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದು, ಹೆಂಗಸರು ಅವರು ಮಲಗಿದ್ದ ಕೋಣೆಯನ್ನು ತೊಳೆಯಲು ಅಣಿಯಾಗಿದ್ದರು. ಹಾಸಿಗೆ, ದಿಂಬು, ಕಂಬಳಿ ಹೊರಗೆ ಬಂತು. ಮಂಚದ ಕೆಳಗಿಂದ ಸೊಸೆ ಒಂದು ಸುರುಳಿ ಎಳೆದವಳು ಅದನ್ನು ಮುಚ್ಚಿಡಲೂ ಆಗದೆ ತೆರೆಯಲೂ ಆಗದೆ ನಿಂತಳು. ಪಕ್ಕದ ಮನೆಯವರೊಬ್ಬರು ಕೋಲಿನ ತುದಿಯಿಂದ ಅದನ್ನು ಬಿಡಿಸಿದರು. ಅಂಚಿನ ನೀಲಿ ಹೊಲಿಗೆ ಕೆಲವು ಕಡೆ ಬಿಟ್ಟುಹೋಗಿತ್ತು. ನಡುವೆ ದೊಡ್ಡ ಕಲೆ.

"ಇದೇನಮ್ಮಾ, ಈ ಥರ ವಾಸನೆ! ಯಾರದ್ದಿದು?"

ಸೊಸೆ ತಲೆ ತಗ್ಗಿಸಿದಳು. ಅಂಗಳದಲ್ಲಿದ್ದ ಗಂಡಸರೂ ಇತ್ತ ತಿರುಗಿದರು.

"ಅದು ನಂದು" ಅಂದೆ.

ಅಷ್ಟು ಜೋರಾಗಿ ಹೇಳಬೇಕೆಂದು ನಾನೂ ಅಂದುಕೊಂಡಿರಲಿಲ್ಲ. ಎಲ್ಲರೂ ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡ ಹೆಂಗಸು ಹೀಗನ್ನುತ್ತಿದ್ದಾಳಲ್ಲ ಎಂದು. ಯಾರೂ ನಂಬಿದಂತೆ ಕಾಣಲಿಲ್ಲ. ನಾನು ಬಗ್ಗಿ ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡೆ.

ಬಸ್ಸಿನಲ್ಲಿ ಸೀಟಿದ್ದರೂ ಬಾಗಿಲ ಹತ್ತಿರ ನಿಂತೇ ಬಂದೆ. ಮನೆಗೆ ಬಂದು ಸೋಪು ಹಾಕಿ ಒಗೆದೆ. ಹಿತ್ತಲಲ್ಲಿ ಹಗ್ಗವಿತ್ತು, ಅಲ್ಲಿ ಹಾಕಲಿಲ್ಲ. ಬೀದಿಗೆ ಕಾಣುವ ಹಾಗೆ ಮುಂದಿನ ಕಾಂಪೌಂಡಿನ ಮೇಲೆ ಹರಡಿದೆ. ಮಗಳು ಬಂದು, ಅಮ್ಮಾ, ಇದು ಯಾರದು ಎಂದು ಕೇಳಿದಳು. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೊದಲಿನಿಂದ ಹೇಳತೊಡಗಿದೆ.